ಬಿರಡೆಯ ಕೆಳಗಿನ ಎಳೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ತಿಳಿಗೊಳವೆಂಬ ರಾಜ್ಯದಲ್ಲಿ, ಬಸವಂತನೆಂಬ ನೇಕಾರನಿದ್ದ. ಒಂದು ಬೆಳಗ್ಗೆ ಅವನು ಎಂದಿನಂತೆ ಮಗ್ಗದ ಮುಂದೆ ಕೂತಿದ್ದ. ಹೆಂಡತಿ ನೀಲವ್ವ ಗಂಜಿಯ ಲೋಟ ತಂದುಕೊಟ್ಟಳು. ಲೋಟ ಹಿಡಿದ ಅವಳ ಬೆರಳುಗಳ ಮೂಲಕ ಹಿತ್ತಾಳೆಯ ಹೊಳಪು ಕಾಣಿಸಿತು. ಬೆರಳುಗಳು ನೀರಿನಂತೆ ತಿಳಿಯಾಗಿದ್ದವು.

ಬಸವಂತ ಲೋಟ ಇಸಿದುಕೊಂಡ. ನೀಲವ್ವ ಹಿತ್ತಿಲ ಕಕ್ಕಸಿನ ಹೊಸ್ತಿಲಿಗೆ ಹೋಗಿ ಕೂತಳು. ಮಗಳು ಪಾರಿ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಕೂರುವ ಜಾಗ ಅದೇ.

ಆ ರಾಜ್ಯದಲ್ಲಿ ಪ್ರತಿ ಮನೆಯ ಕಕ್ಕಸಿನಲ್ಲೂ ಗೋಡೆಗೆ ಒಂದು ಕಲ್ಲಿನ ತೊಟ್ಟಿ ಇತ್ತು. ಸರಪಳಿ ಎಳೆದರೆ ತಳದ ಬಿರಡೆ ಮೇಲೇಳುತ್ತಿತ್ತು, ನೀರು ಕೆಳಗಿನ ಬಟ್ಟಲಿಗೆ ಧುಮುಕುತ್ತಿತ್ತು. ಬಿರಡೆಯ ಅಡಿಗೆ ಚರ್ಮದ ಬಿಲ್ಲೆ. ಅದು ಸರಿಯಾಗಿ ಕೂತರೆ ಒಂದು ಹನಿಯೂ ಸೋರುವಂತಿಲ್ಲ. ಮನೆಯಲ್ಲಿ ಸಾವಾದಾಗ ಮಾತ್ರ ಬಿಲ್ಲೆಯ ಕೆಳಗೆ ಹಸಿ ನೂಲಿನ ಎಳೆಯೊಂದನ್ನು ಇಟ್ಟು, ಹೋದವರ ಬಾಯಾರಿಕೆಗೆಂದು ನೀರನ್ನು ಜಿನುಗಲು ಬಿಡುತ್ತಿದ್ದರು. ಹನ್ನೊಂದನೆಯ ದಿನದ ಹೊತ್ತಿಗೆ ಹಸಿ ನೂಲು ತಾನೇ ಕೊಳೆತು ಹೋಗುತ್ತಿತ್ತು, ನೀರು ನಿಲ್ಲುತ್ತಿತ್ತು.

ಬಸವಂತ ನೇಕಾರ. ಮಗಳಿಗೆಂದು ಹಸಿ ನೂಲು ಇಡಲು ಅವನಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿದ್ದ ಅತ್ಯುತ್ತಮ ರೇಷ್ಮೆಯನ್ನು ಹುರಿಮಾಡಿ ಇಟ್ಟ. ಅದು ಕೊಳೆಯಲಿಲ್ಲ. ಹನ್ನೊಂದನೆಯ ದಿನ ಅವನೇ ಎಳೆದು ತೆಗೆದ. ನೀರು ಮಾತ್ರ ನಿಲ್ಲಲಿಲ್ಲ. ಆಮೇಲೆ ಆ ಜಿನುಗಿನೊಳಗೆ ಪಾರಿಯ ದನಿ ಕೇಳತೊಡಗಿತು.

ಗಂಜಿ ಆರುವ ಮೊದಲೇ ಬಸವಂತ ಪಕ್ಕದ ಬೀದಿಯ ದ್ಯಾಮವ್ವತ್ತೆಯ ಮನೆಗೆ ಓಡಿದ. ಅವಳು ಅವನ ತಂದೆಯ ತಂಗಿ. ಅವಳ ಗಂಡನೂ ಹೀಗೆಯೇ ಸತ್ತ ತಮ್ಮನ ದನಿ ಕೇಳುತ್ತ ಕೂತು, ಒಂದು ದಿನ ಪೂರ್ತಿ ನೀರಾಗಿ ಬಟ್ಟಲಿನಿಂದ ಇಳಿದುಹೋಗಿದ್ದ. ಊರಿನ ಕೆಳಗಿನ ಕಾಲುವೆಯಲ್ಲಿ ಜಿನುಗುರಾಯನೆಂಬ ಮಾಯಾವಿ ಇದ್ದಾನೆ, ಸೋರುವ ಮನೆಗಳಿಗೆ ಹತ್ತಿ ಬರುತ್ತಾನೆ, ಕರಗಿದವರನ್ನು ಕೂಡಿಸಿ ತನ್ನ ಕೊಳ ತುಂಬಿಕೊಳ್ಳುತ್ತಾನೆ ಎಂದು ಅವಳಿಗೆ ಆಮೇಲೆ ಗೊತ್ತಾಯಿತು.

ದ್ಯಾಮವ್ವತ್ತೆ ಬಂದು ತೊಟ್ಟಿಗೆ ಒಂದು ಚಿಟಿಕೆ ಅರಿಶಿನ ಕದಡಿದಳು. ಯಾರೂ ಸರಪಳಿ ಎಳೆಯಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಬಟ್ಟಲಿನ ನೀರಿನಲ್ಲಿ ಹಳದಿ ಗೆರೆಯೊಂದು ಇಳಿಯಿತು.

"ಹೆಂಡತಿ ಕರಗುತ್ತಿದ್ದಾಳೆ, ನೀನು ಎಳೆ ಎಣಿಸುತ್ತ ಕೂತಿದ್ದೀಯಲ್ಲೋ ಅಳಿಯಾ," ಎಂದಳು. "ರೇಷ್ಮೆ ಇಟ್ಟೆಯಾ?"

ಬಸವಂತ ಹೌದೆಂದ.

"ಹಾಗಾದರೆ ಅದು ಚರ್ಮವನ್ನು ಕೊಯ್ದಿದೆ. ಒತ್ತಿದರೆ, ಕಟ್ಟಿದರೆ ಆಗುವುದಿಲ್ಲ. ಬಿರಡೆಯನ್ನೇ ಬದಲಿಸಬೇಕು. ಇಟ್ಟವನೇ ತೆಗೆಯಬೇಕು, ಹಗಲಲ್ಲೇ ತೆಗೆಯಬೇಕು." ಹೊಸ ಬಿರಡೆಯೊಂದನ್ನು ಸೆರಗಿನಿಂದ ಬಿಚ್ಚಿ ಹೊಸ್ತಿಲ ಮೇಲಿಟ್ಟಳು. ಅದು ತನ್ನ ಗಂಡನಿಗೆಂದು ತಂದದ್ದು, ತಡವಾಯಿತು ಎಂದಷ್ಟೇ ಹೇಳಿ ಹೋದಳು.

ಮೊದಲು ತೊಟ್ಟಿಗೆ ನೀರು ಬರುವ ನಲ್ಲಿಯನ್ನು ನಿಲ್ಲಿಸಬೇಕಿತ್ತು. ನಲ್ಲಿಯ ಮೇಲೆ ರುಬ್ಬುಗುಂಡಿನಷ್ಟು ದೊಡ್ಡ ಕಪ್ಪೆ ಕೂತಿತ್ತು. ಅದು ಬಾಯಿ ತೆರೆದಾಗ ಬಂದದ್ದು ಪಾರಿಯ ದನಿ. ಬಾಯಾರಿದೆ ಅಪ್ಪಾ ಎಂದಿತು. ಬಸವಂತನ ಕೈ ಇಳಿಯಿತು. ಆಮೇಲೆ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ, ಪಾರಿಯ ಹೆಸರು ಹೇಳಿ ಮಣ್ಣಿಗೆ ಸುರಿದ. ಮಣ್ಣು ಕುಡಿಯಿತು. ಕಪ್ಪೆ ಇಳಿದು ಹೋಯಿತು. ಅವನು ನಲ್ಲಿ ತಿರುಗಿಸಿದ.

ಸರಪಳಿ ಎಳೆದು ತೊಟ್ಟಿ ಬರಿದು ಮಾಡಿದ. ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ಹಿಂಡಿದ. ಬಿರಡೆಯನ್ನು ಹಿಡಿದಿಟ್ಟ ಹಿತ್ತಾಳೆಯ ತಿರುಪು ತೊಟ್ಟಿಯ ಅಡಿಯಲ್ಲಿತ್ತು, ಅದಕ್ಕೊಂದು ಹಾವು ಸುತ್ತಿಕೊಂಡಿತ್ತು. ಹಾವು ಕೂಡ ಪಾರಿಯ ದನಿಯಲ್ಲೇ ಕತ್ತಲೆ ಅಪ್ಪಾ ಎಂದಿತು. ಬಸವಂತ ಒಳಗಿನಿಂದ ಹಣತೆ ತಂದು, ಹಚ್ಚಿ, ತೊಟ್ಟಿಯ ಕೆಳಗಿಟ್ಟ. ಹಾವು ಬೆಳಕಿಗೆ ಸಡಿಲವಾಗಿ ಜಾರಿತು. ಅವನು ತಿರುಪು ಬಿಚ್ಚಿ ಹಳೆಯ ಬಿರಡೆಯನ್ನು ಹೊರತೆಗೆದ. ಚರ್ಮದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಇತ್ತು. ಅವನ ರೇಷ್ಮೆಯ ಗೀರು.

ಬಿರಡೆ ಕೂರುವ ಕಲ್ಲಿನ ಬಾಯಿಯ ಸುತ್ತ ನೀರಿನ ಬಿಳಿ ಕರೆ ಕಟ್ಟಿತ್ತು. ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದ. ಉಜ್ಜಿದ ಕಡೆಯಿಂದ ಜಿನುಗುರಾಯ ಎದ್ದುಬಂದ. ಅವನಿಗೆ ಸ್ವಂತ ಮುಖವಿರಲಿಲ್ಲ. ಪಾರಿಯ ಮುಖ ಹೊತ್ತುಕೊಂಡು, ಖಾಲಿ ತೊಟ್ಟಿಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತ.

"ಮುಚ್ಚಬೇಡಪ್ಪಾ," ಎಂದ. "ನೀನು ಹೇಳಿದ ಹಾಗೆಲ್ಲ ಕೇಳುತ್ತೇನೆ."

ಬಸವಂತ ನೆಲದ ಮೇಲೆ ಕೂತ. ತೆಗೆದ ಬಿರಡೆಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟುಬಿಡೋಣ ಎನ್ನಿಸಿತು. ಹೊಸ್ತಿಲಲ್ಲಿ ನೀಲವ್ವ ಅಲುಗದೆ ಕೂತಿದ್ದಳು, ಮೊಣಕೈವರೆಗೂ ತಿಳಿಯಾಗಿದ್ದಳು. ಅವನು ತೊಟ್ಟಿಯ ಕಡೆ ನೋಡಿ, ಬಾಯಿಗೆ ಬಂದದ್ದನ್ನು ಹೇಳಿದ.

"ಪಾರಿ, ತಲೆ ಬಾಚಿಕೋ."

"ಆಗಲಿ ಅಪ್ಪಾ."

"ಹಾಗಲಕಾಯಿ ತಟ್ಟೆಯಲ್ಲಿ ಬಿಡಬೇಡ."

"ಆಗಲಿ ಅಪ್ಪಾ."

ಆಗ ನೀಲವ್ವ ತಲೆಯೆತ್ತಿದಳು. ಎಷ್ಟೋ ದಿನಗಳಿಂದ ಮಾತಾಡದ ಗಂಟಲು ಒಡೆದಂತಿತ್ತು.

"ನಮ್ಮ ಹುಡುಗಿ ಹುಟ್ಟಿದ ಮೇಲೆ ಒಂದು ಮಾತಿಗಾದರೂ ಆಗಲಿ ಅಂದದ್ದುಂಟೇ? ಬಾಚು ಅಂದರೆ ಯಾಕೆ ಅನ್ನುತ್ತಿದ್ದಳು. ಬಾಚಬೇಡ ಅಂದರೂ ಯಾಕೆ ಅನ್ನುತ್ತಿದ್ದಳು."

ಅವಳು ಎದ್ದಳು. ಹೊಸ್ತಿಲ ಮೇಲಿದ್ದ ಬಿರಡೆಯನ್ನು ತೆಗೆದುಕೊಂಡಳು. ಮೊದಲ ಸಲ ಅದು ಬೆರಳುಗಳ ಮೂಲಕ ಜಾರಿ ಬಿತ್ತು. ಎರಡನೆಯ ಸಲವೂ ಬಿತ್ತು. ಮೂರನೆಯ ಸಲ ಅಂಗೈ ಅದನ್ನು ಹಿಡಿದುಕೊಂಡಿತು. ಅವಳು ಗಂಡನಿಗೆ ಕೊಟ್ಟಳು. ಅವನು ಕಲ್ಲಿನ ಬಾಯಿಗೆ ಕೂರಿಸಿ, ಕಲ್ಲು ಸೀಳದಂತೆ, ಕೈಯಿಂದಲೇ ತಿರುಪು ಬಿಗಿದ.

ಜಿನುಗುರಾಯನಿಗೆ ಇಳಿದುಹೋಗಲು ದಾರಿಯಿರಲಿಲ್ಲ, ನಿಲ್ಲಲು ನೀರಿರಲಿಲ್ಲ. ಪಾರಿಯ ಮುಖ ಅವನ ಮೇಲಿನಿಂದ ಕಳಚಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಿದ್ದು ಅವನು ಆರಿಹೋದ. ತೊಟ್ಟಿಯೊಳಗೆ ಒಂದು ಸಣ್ಣ ಬಿಳಿ ಕಲೆ ಉಳಿಯಿತು. ಬಸವಂತ ಅದನ್ನೂ ಒರೆಸಿದ.

ಅಂದು ಊರ ಕಾಲುವೆಯ ಮೆಟ್ಟಿಲು ಹತ್ತಿ, ಕರಗಿದವರೆಲ್ಲ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದರು. ದ್ಯಾಮವ್ವತ್ತೆಯ ಗಂಡನೂ ಬಂದ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವಳು ಬೈದದ್ದು ಬೀದಿಗೆಲ್ಲ ಕೇಳಿಸಿತು. ಸತ್ತವರು ಬರಲಿಲ್ಲ. ಆಮೇಲೆ ತಿಳಿಗೊಳದಲ್ಲಿ ಯಾರೂ ಬಿರಡೆಯ ಕೆಳಗೆ ಎಳೆ ಇಡಲಿಲ್ಲ. ಸಾವಾದರೆ ಒಂದು ತಂಬಿಗೆ ನೀರನ್ನು ಮಣ್ಣಿಗೆ ಸುರಿಯುತ್ತಿದ್ದರು. ಜನ ನೆಮ್ಮದಿಯಾಗಿ ಬದುಕಿದರು.

ಬಿರಡೆ ಬದಲಿಸಿದ ಆ ದಿನ, ನಲ್ಲಿ ಬಿಟ್ಟು ತೊಟ್ಟಿ ತುಂಬಿದ ಮೇಲೆ ನೀಲವ್ವ ತನ್ನ ಕೈಯಿಂದಲೇ ಒಂದು ಚಿಟಿಕೆ ಅರಿಶಿನ ಕದಡಿದಳು. ಬೆರಳುಗಳಿಗೆ ಬಣ್ಣ ಹತ್ತಿತು. ಗಂಡಹೆಂಡಿರು ಒಳಗೆ ಹೋಗಿ ಊಟ ಮಾಡಿದರು. ಊಟವಾದ ಮೇಲೆ ಇಬ್ಬರೂ ಬಂದು ನೋಡಿದರು.

ಬಟ್ಟಲಿನ ನೀರಿನಲ್ಲಿ ಅರಿಶಿನ ಇರಲಿಲ್ಲ.