ನಡುವಿನ ದನಿ

ಹಾಡ್ತಾ ಹಾಡ್ತಾ ರಾಗ, ನಗ್ತಾ ನಗ್ತಾ ದೆವ್ವ. ಗಾದೆ ಕೆಡಿಸಿದೆನೆಂದು ಬೈಯಬೇಡಿ. ಮುಂದಿನದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಯುದ್ಧಕಾಲದಲ್ಲಿ ನಾವು ಮೂವರು ಅಕ್ಕತಂಗಿಯರು ಒಂದೇ ಮೈಕಿಗೆ ತಲೆ ಕೂಡಿಸಿ ಸೈನಿಕರಿಗೆ ಹಾಡುತ್ತಿದ್ದೆವು. ವರ್ನಾ ಅಕ್ಕನದು ಮೇಲಿನ ದನಿ, ಲೊರೇನಳದು ನಡುವಿನದು, ನನ್ನದು ಕೆಳಗಿನದು. ಒಂದು ಚಳಿಗಾಲದಲ್ಲಿ ಲೊರೇನ್ ನ್ಯುಮೋನಿಯಾದಿಂದ ತೀರಿಕೊಂಡಳು. ಆಮೇಲೆ ಅಕ್ಕ ಹಾಡಲಿಲ್ಲ, ನಗಲೂ ಇಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ನಾರ್ಫೋಕ್ ಬಂದರಿನಲ್ಲಿ ಯುದ್ಧಕ್ಕೆ ಹಡಗು ಹತ್ತಲಿದ್ದ ಹುಡುಗರಿಗಾಗಿ ಹಾಡಲು ಅಕ್ಕ ಹೇಗೋ ಒಪ್ಪಿದಳು.

"ಇದೊಂದೇ ಸಲ ಕಣೇ ಓಪಲ್. ಗಂಟಲು ಕಟ್ಟಿದ್ರೆ ಇನ್ನು ಯಾವತ್ತೂ ಕರೀಬೇಡ."

ಯಾರ ದನಿಯನ್ನಾದರೂ ಅಣಕಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಎರಡನೆಯ ಚರಣದಲ್ಲಿ ನನ್ನ ಭಾಗ ಬಿಟ್ಟು ಲೊರೇನಳಂತೆ ಹಾಡಿ, ಅಕ್ಕನನ್ನು ಬೆಚ್ಚಿಬೀಳಿಸಿ ನಗಿಸಬೇಕೆಂದುಕೊಂಡೆ.

ಅಭ್ಯಾಸಬಲದಿಂದ ನಡುವೆ ಒಂದು ತಲೆಯಷ್ಟು ಜಾಗ ಬಿಟ್ಟೇ ನಿಂತೆವು. ಮೊದಲ ಚರಣದಲ್ಲೇ ಆ ಜಾಗ ಬೆಚ್ಚಗಾಯಿತು. ಹಾಡುವಾಗ ಲೊರೇನಳ ಬಾಯಲ್ಲಿ ಸದಾ ಇರುತ್ತಿದ್ದ ಪೆಪ್ಪರ್‌ಮಿಂಟಿನ ವಾಸನೆ ನನ್ನ ಕೆನ್ನೆಗೆ ತಾಗಿತು. ಎರಡನೆಯ ಚರಣಕ್ಕೆ ನಾನು ಬಾಯಿ ತೆರೆಯುವ ಮೊದಲೇ ನಡುವಿನ ದನಿ ಎದ್ದಿತು. ಗಾಬರಿಯಲ್ಲಿ ನನ್ನ ಕೆಳದನಿಯನ್ನೇ ಹಿಡಿದೆ. ಮೂರೂ ಕೂಡಿದವು. ಸಾವಿರ ಸೈನಿಕರು, ಯಾರೂ ಹೇಳದೆ, ಟೋಪಿ ತೆಗೆದು ನಿಂತರು.

ಪರದೆಯ ಹಿಂದೆ ಅಕ್ಕ ನನ್ನ ಕಿವಿ ಹಿಂಡಿದಳು.

"ಕಪಿ! ಥೇಟ್ ಅವಳೇ! ಅದ್ಸರಿ, ನಿನ್ನ ದನಿನೂ ಕೇಳ್ತಿತ್ತಲ್ಲ, ಒಂದೇ ಗಂಟಲಲ್ಲಿ ಎರಡು ಹೇಗೆ ತಂದ್ಯೇ?"

"ಅಕ್ಕಾ, ನಾನು..."

"ಗುಟ್ಟು ಹೇಳ್ಬೇಡ. ನಾಳೆನೂ ಹಾಗೇ ಹಾಡು, ಸಾಕು!"

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಅಕ್ಕನ ನಗುವೇ ಜೋರು.