ಅಚ್ಚಿನಲ್ಲಿ ಸಡಿಲವಾದ ತೋಳು

ಅವನು ಮೊದಲ ಸಲ ಆ ಕಾರ್ಖಾನೆಯ ಬಾಗಿಲಲ್ಲಿ ನಿಂತಾಗ ಅವಳ ಮಡಿಲಲ್ಲಿ ಒಂದು ತೊಡೆ ಇತ್ತು.

ಚರ್ಮ ಸುಲಿದ ತೊಡೆ. ಕೆಂಪು ಕೆಂಪು ಎಳೆಗಳು, ಮಂಡಿಯ ಹತ್ತಿರ ಬೆಳ್ಳಗೆ ಮಿನುಗುವ ಸ್ನಾಯುರಜ್ಜು. ಮಲಗಿದ ಮಗುವಿನ ಉಗುರು ಕತ್ತರಿಸುವಷ್ಟು ಜೋಪಾನವಾಗಿ ಅವಳು ಅದರ ಮೇಲೆ ಸಣ್ಣ ಬ್ರಷ್ಷಿನಿಂದ ಒಂದು ರಕ್ತನಾಳ ಎಳೆಯುತ್ತಿದ್ದಳು. ಸುತ್ತ ಗೋಡೆಯ ಗೂಟಗಳಲ್ಲಿ ಹನ್ನೆರಡು ಕೈ, ಕಪಾಟಿನಲ್ಲಿ ಸಾಲಾಗಿ ಏಳು ಮುಖ. ಒಂದಕ್ಕಾದರೂ ಚರ್ಮವಿಲ್ಲ.

ಅವನ ಎರಡೂ ಹೆಗಲ ಮೇಲೆ ಒಂದೊಂದು ಮೂಟೆ ಪ್ಲಾಸ್ಟರ್ ಪುಡಿ. ಬೇರೆ ಯಾರಾದರೂ ಆಗಿದ್ದರೆ ಮೂಟೆಯನ್ನೂ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಪಕ್ಕದ ಊರು ಸೇರಿರುತ್ತಿದ್ದರು. ಅವನು ಗಂಟಲು ಸರಿ ಮಾಡಿಕೊಂಡ.

"ನಾನು ಯಾರಿಗೂ ಹೇಳಲ್ಲ ಮೇಡಂ. ಯಾರದು ಅಂತಾನೂ ಕೇಳಲ್ಲ. ಮೂಟೆ ಎಲ್ಲಿಡ್ಲಿ?"

ಅವಳು ತಲೆ ಎತ್ತಲಿಲ್ಲ. "ನಿಮಗಿಂತ ಮುಂಚೆ ಮೂಟೆ ತಂದವನದು. ತಪ್ಪು ಜಾಗದಲ್ಲಿ ಇಟ್ಟಿದ್ದ."

ಅವನು ನಕ್ಕ ನಗುವಿಗೆ ಗೂಟದಲ್ಲಿದ್ದ ಹನ್ನೆರಡು ಕೈಯೂ ಚಪ್ಪಾಳೆ ತಟ್ಟುವುದೊಂದು ಬಾಕಿ.

ಅವನು ಮೂಟೆ ಹೊರುವ ಗೋದಾಮಿನವರೆಲ್ಲ ಅವನನ್ನು ಕ್ರೇನು ಅನ್ನುತ್ತಿದ್ದರು. ಮರದ ಬೀರು ಹೊತ್ತು ಮೂರು ಮಹಡಿ ಹತ್ತಿದರೆ ಬೀರುವಿನೊಳಗೆ ಮಡಚಿಟ್ಟ ಬಟ್ಟೆಗೂ ಎಚ್ಚರವಾಗುತ್ತಿರಲಿಲ್ಲವಂತೆ. ಕೆಟ್ಟು ನಿಂತ ಲಾರಿಯನ್ನು ಒಂದು ಸಲ ಬೇಜಾರಿಗೆ ಪಕ್ಕಕ್ಕೆ ಎತ್ತಿಟ್ಟನಂತೆ. ಲಾರಿಯ ಡ್ರೈವರ್ ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಪಾಪ, ಅವನು ಒಳಗೆ ನಿದ್ದೆ ಮಾಡುತ್ತಿದ್ದ.

ಕ್ರೇನಿನ ಆ ತೋಳು ಅವಳ ಸೋದರಮಾವನ ಕಣ್ಣಿಗೆ ಬಿತ್ತು. ವೈದ್ಯಕೀಯ ಕಾಲೇಜುಗಳಿಗೆ ಮನುಷ್ಯನ ಅಂಗಾಂಗಗಳ ಮಾದರಿ ಮಾಡಿ ಕಳಿಸುವ ಆ ಕಾರ್ಖಾನೆ ಮಾವನದು, ಅಚ್ಚು ತೆಗೆದು, ಎರಕದ ಮೇಲೆ ಸ್ನಾಯುವಿನ ಎಳೆ ಕೆತ್ತಿ ಬಣ್ಣ ಹಾಕುವ ಕೆಲಸ ಅವಳದು. "ಇಂಥ ತೋಳನ್ನ ಮೂಟೆ ಕೆಳಗೆ ಹಾಳು ಮಾಡ್ತಾ ಇದ್ದೀಯಲ್ಲೋ!" ಎಂದು ಮಾವ ಅವನನ್ನು ಆಗಿಂದಾಗಲೇ ಬೆಂಚಿನ ಮೇಲೆ ಕೂರಿಸಿದ.

ಎಡತೋಳಿಗೆ ಅವಳು ಬ್ರಷ್ಷಿನಲ್ಲಿ ಎಣ್ಣೆ ಸವರಿದಳು, ಪ್ಲಾಸ್ಟರ್ ಚರ್ಮಕ್ಕೆ ಅಂಟದಿರಲಿ ಅಂತ. ಅವನು ಸೂರು ನೋಡುತ್ತಾ ಕೂತ. ಅವಳು ಅವನು ಸೂರು ನೋಡುವುದನ್ನು ನೋಡಿದಳು.

"ಉಸಿರು ಬಿಡಿ. ತೋಳು ಮಾತ್ರ ಅಲ್ಲಾಡಬಾರದು, ಉಸಿರಾಡಬಹುದು."

"ಹೌದಾ? ಮೊದಲೇ ಹೇಳಬಾರದಾ?"

ಪ್ಲಾಸ್ಟರ್ ಅಚ್ಚು ಬಹಳ ಕಾಲ ಬಾಳುವುದಿಲ್ಲ. ಮೂವತ್ತು ನಲವತ್ತು ತೋಳು ಎರಕವಾಗುವಷ್ಟರಲ್ಲಿ ಒಳಮೈ ಸವೆದು ಗೆರೆ ಮಸುಕಾಗುತ್ತದೆ. ಹಾಗಾಗಿ ವರ್ಷಕ್ಕೊಂದು ಹೊಸ ಅಚ್ಚು, ವರ್ಷಕ್ಕೊಮ್ಮೆ ಅವನ ತೋಳು. ಮಿಕ್ಕ ದಿನಗಳಲ್ಲಿ ಅವನು ಮೂಟೆ ಇಲ್ಲದಿದ್ದರೂ ಬರುತ್ತಿದ್ದ. "ದಾರೀಲಿ ಸಿಕ್ತು" ಅನ್ನುತ್ತಿದ್ದ, ಕಾರ್ಖಾನೆಯೇ ಕಾಲಿಗೆ ತೊಡರಿದ ಹಾಗೆ. ಅವಳು ಬಣ್ಣ ಹಾಕುತ್ತಾ ಪಾಠ ಹೇಳುತ್ತಿದ್ದಳು.

"ಮೈಯಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯು ಇವೆ. ಒಂದಕ್ಕಾದರೂ ತಳ್ಳೋಕೆ ಬರಲ್ಲ, ಗೊತ್ತಾ? ಎಳೆಯೋಕೆ ಮಾತ್ರ ಬರುತ್ತೆ."

"ಬಿಡಿ ಮೇಡಂ. ದಿನಾ ಗಾಡಿ ತಳ್ತೀನಿ ನಾನು."

"ಆಗಲೂ ತೋಳಿನ ಹಿಂಬದಿ ಸ್ನಾಯು ಮೊಣಕೈ ಎಲುಬನ್ನ ತನ್ನ ಕಡೆಗೆ ಎಳೀತಾ ಇರುತ್ತೆ. ಮುಂದಿನದು ಸಡಿಲ ಬಿಡುತ್ತೆ. ಹೊರಗಿನವರಿಗೆ ತಳ್ಳಿದ ಹಾಗೆ ಕಾಣುತ್ತೆ, ಅಷ್ಟೆ."

"ಆರುನೂರರಲ್ಲಿ ಒಂದೂ ಇಲ್ವಾ?"

"ಒಂದೂ ಇಲ್ಲ."

ಎರಡನೆಯ ವರ್ಷ ಎಣ್ಣೆಯ ಬ್ರಷ್ಷು ತೋಳು ಮುಟ್ಟಿದ್ದೇ ತಡ, ಚರ್ಮದ ಕೆಳಗೆ ಸ್ನಾಯು ಪಟಪಟ ಹಾರಿತು. ನೀರೊಳಗೆ ಮೀನು ತಿರುಗಿದ ಹಾಗೆ. ಅವಳ ಕೈ ನಿಂತಿತು.

"ಏನಿದು?"

"ನಿಮ್ಮ ಬ್ರಷ್ಷು ಕಂಡ್ರೆ ಕುಣಿಯುತ್ತೆ," ಅಂದ ಅವನು. ಕಿವಿ ಕೆಂಪಾಗಿತ್ತು. "ನಾನು ಬೇಡ ಅಂದ್ರೂ ಕೇಳಲ್ಲ."

ಅವತ್ತು ಅವಳು ಒಂದು ಕಾಲಿಗೆ ಆರು ಬೆರಳು ಮಾಡಿಟ್ಟಳು. ಆ ಕುಣಿತವನ್ನು ನೋಡುವುದಕ್ಕಾಗಿಯೇ ಆಮೇಲೆ ಎಷ್ಟೋ ಸಲ, ಅಚ್ಚಿನ ಕಾಲವಲ್ಲದಿದ್ದರೂ, ಅವನ ತೋಳಿಗೆ ಬ್ರಷ್ಷಿನ ತುದಿ ತಾಗಿಸುತ್ತಿದ್ದಳು. ತೋಳು ಕುಣಿಯುತ್ತಿತ್ತು. ಇಬ್ಬರೂ ನಗುತ್ತಿದ್ದರು.

ಮೂರನೆಯ ವರ್ಷ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ: ಹೊಸ ಅಚ್ಚಿಗೆ ಮೊದಲು ತೋಳನ್ನು ಹಳೆಯ ಅಚ್ಚಿನ ಅರ್ಧ ಭಾಗದಲ್ಲಿ ಮಲಗಿಸಿ ಅಂಚಿನ ಗೆರೆ ಗುರುತು ಹಾಕಿಕೊಳ್ಳುವುದು. ಹೋದ ವರ್ಷ ಅವನ ತೋಳು ಅದರಲ್ಲಿ ಹಳೆಯ ಚಪ್ಪಲಿಯಲ್ಲಿ ಪಾದ ಕೂತ ಹಾಗೆ ಕೂತಿತ್ತು. ಈ ಸಲ ಸುತ್ತ ಸಂದು ಉಳಿಯಿತು.

ಎಷ್ಟು ಸಂದು? ಲಾರಿ ಎತ್ತಿಟ್ಟ ಕಥೆಯನ್ನು ಎಷ್ಟು ಬೇಕಾದರೂ ಉಬ್ಬಿಸಬಹುದು, ಇದನ್ನು ಉಬ್ಬಿಸುವಂತಿಲ್ಲ. ಎರಡು ಹಾಳೆ ದಪ್ಪ.

"ಅಚ್ಚು ಹಿಗ್ಗಿದೆ," ಅಂದಳು ಅವಳು.

"ಪುಡಿಗೆ ನೀರು ಜಾಸ್ತಿ ಹಾಕಿರ್ತೀಯ. ಕೈಯಲ್ಲಿ ಕೆಲಸ, ಕಣ್ಣು ಇನ್ನೆಲ್ಲೋ!" ಎಂದು ಮಾವ ಗದರಿದ. ಕಣ್ಣು ಎಲ್ಲಿತ್ತು ಅಂತ ಮೂವರಿಗೂ ಗೊತ್ತಿತ್ತು.

ಅಚ್ಚು ಹಿಗ್ಗಿದೆ ಅಂದಿದ್ದ ಅವಳೇ ಹೊಸ ಅಚ್ಚಿನಿಂದ ಬಂದ ತೋಳಿಗೆ ಮೇಣ ತುಂಬಿ ಹೋದ ವರ್ಷದ ಅಳತೆಗೆ ತಂದಳು. ಎಲ್ಲಿ ತಗ್ಗಿತ್ತೋ ಅಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿ ಒತ್ತಿ ದುಂಡಗೆ ಮಾಡಿದಳು. ಪ್ಲಾಸ್ಟರ್ ಸುಳ್ಳು ಹೇಳುತ್ತಿದೆ ಅಂದುಕೊಂಡು ಮೇಣದಲ್ಲಿ ನಿಜ ತಿದ್ದಿದಳು. ಅಂಥ ಸುಂದರವಾದ ತೋಳು ಲೋಕದ ಯಾವ ಕಾಲೇಜಿನಲ್ಲೂ ಇರಲಿಲ್ಲ. ಯಾರ ಮೈಯಲ್ಲೂ ಇರಲಿಲ್ಲ, ಅವನ ಮೈಯಲ್ಲೂ.

ಆರು ತಿಂಗಳ ಮೇಲೆ ಒಂದು ಕಾಲೇಜಿನವರು ಬರೀ ಅಂಗೈ ಮಾದರಿ ಕೇಳಿದರು. ಈ ಸಲ ನೀರು ಅಳೆದು, ಪುಡಿ ತೂಗಿ, ಅವನ ಎಡಗೈಯನ್ನು ಇದ್ದ ಹಾಗೇ ಎರಕ ಹೊಯ್ದು ಕಳಿಸಿದಳು. ಒಂದು ವಾರದಲ್ಲಿ ಪೆಟ್ಟಿಗೆ ವಾಪಸ್ ಬಂತು. ಒಳಗೆ ಅಂಗರಚನೆ ಕಲಿಸುವ ಮೇಷ್ಟ್ರ ಚೀಟಿ: "ಇದು ಆರೋಗ್ಯವಂತನ ಕೈಯಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸ್ನಾಯು ಕರಗಿದೆ. ಬೇರೆ ಕೈ ಕಳಿಸಿ. ಈ ಕೈಯವರನ್ನು ಬೇಗ ನರರೋಗದ ವೈದ್ಯರಿಗೆ ತೋರಿಸಿ."

ಅವಳು ಕಪಾಟಿನ ಹತ್ತಿರ ಹೋಗಿ ಹಳೆಯ ಅಚ್ಚು ಇಳಿಸಿದಳು. ಉದ್ದ, ಅಗಲ, ಸುತ್ತಳತೆ ಎಲ್ಲ ಅಳೆದು ಆಗ ಬರೆದಿಟ್ಟಿದ್ದ ಅಳತೆಗೆ ಹೋಲಿಸಿದಳು. ಅಚ್ಚು ಹಿಗ್ಗಿರಲಿಲ್ಲ.

ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಆಜ್ಞೆ ಒಯ್ಯುವ ನರಗಳು ಸಾಯುತ್ತಿವೆ, ಆಜ್ಞೆ ಬರದ ಸ್ನಾಯು ಸೊರಗುತ್ತದೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರೆಳೆಯುವ ಸ್ನಾಯು. ಎರಡು ವರ್ಷ, ಅದೃಷ್ಟವಿದ್ದರೆ ನಾಲ್ಕು.

"ಚರ್ಮದ ಕೆಳಗೆ ಪಟಪಟ ಕುಣಿತ ಇತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಒಂದೂವರೆ ವರ್ಷದಿಂದ," ಅಂದ ಅವನು.

"ಅದೇ ಮೊದಲ ಲಕ್ಷಣ."

"ಆರು ತಿಂಗಳು ಮುಂಚೆ ಬಂದಿದ್ದರೆ?" ಅಂದಳು ಅವಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಆರು ತಿಂಗಳು ಮುಂಚೆ ಗೊತ್ತಾಗ್ತಿತ್ತಮ್ಮ. ಅಷ್ಟೆ."

ಅವತ್ತಿನಿಂದ ಅವನು ಕಾರ್ಖಾನೆಗೆ ಬರಲಿಲ್ಲ. ಹದಿನೇಳನೆಯ ದಿನ ಅವಳು ಮೊದಲ ವರ್ಷದ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಸೀಸೆ, ಬ್ರಷ್ಷು ಹಿಡಿದು ಅವನ ಕೋಣೆಗೆ ಮೂರು ಮಹಡಿ ಹತ್ತಿದಳು. ಅವನು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಕಿಟಕಿ ಹತ್ತಿರ ಕೂತಿದ್ದ.

"ಯಾಕೆ ಬಂದ್ರಿ?"

"ದಾರೀಲಿ ಸಿಕ್ತು."

ಅವನು ನಗಲಿಲ್ಲ. "ನಿಮಗೆ ಬೇಕಾಗಿದ್ದು ತೋಳು. ಅದು ಮುಗೀತು. ಬೇರೆ ಹಮಾಲಿ ಸಿಗ್ತಾನೆ, ಹೋಗಿ."

"ಹೋಗಲ್ಲ."

ಎದ್ದು ಬಂದು ಎಡ ಅಂಗೈಯಿಂದ ಅವಳ ಹೆಗಲನ್ನು ಬಾಗಿಲ ಕಡೆ ನೂಕಿದ. ಬೀರು ಹೊರುತ್ತಿದ್ದ ಕೈ. ಅವಳ ಸೆರಗೂ ಅಲ್ಲಾಡಲಿಲ್ಲ. ಅದನ್ನು ಕಂಡು ಇಬ್ಬರೂ ಹೆದರಿದರು.

"ತಳ್ಳೋಕೆ ಬರಲ್ಲ ಅಂತ ಹೇಳಿಕೊಟ್ಟಿದ್ದೆ," ಅಂದಳು ಅವಳು ಮೆಲ್ಲಗೆ. "ಆರುನೂರರಲ್ಲಿ ಒಂದಕ್ಕೂ."

ಅವನು ಗೋಡೆಗೆ ಒರಗಿ ಕುಸಿದು ಕೂತ. "ನಾನು ಅದನ್ನ ಪ್ರೀತಿ ಅಂದುಕೊಂಡಿದ್ದೆ ಕಣೇ," ಅಂದ. ಮೊದಲ ಸಲ ಬಹುವಚನ ಬಿಟ್ಟಿದ್ದ. "ಆ ಕುಣಿತಾನ. ಒಂದೂವರೆ ವರ್ಷ ಅದನ್ನ ನೋಡಿ ಖುಷಿ ಪಟ್ಟೆ. ಅದು ಸಾವು. ನಾವಿಬ್ಬರೂ ಕೂತು ಅದನ್ನ ನೋಡಿ ನಕ್ಕಿದ್ವಿ."

ಅವಳು ಸುತ್ತಿದ್ದ ಬಟ್ಟೆ ಬಿಚ್ಚಿ ಅಚ್ಚನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಳು.

"ಇದು ಮೊದಲ ವರ್ಷದ್ದು. ಆಗ ಕುಣಿತ ಇರಲಿಲ್ಲ. ಒಳಗೆ ಬೆರಳಾಡಿಸು."

ಅವನು ಬಲಗೈ ಬೆರಳಾಡಿಸಿದ. ಸವೆದು ನುಣ್ಣಗಾಗಿರಬೇಕಾದ ಒಳಮೈಯಲ್ಲಿ ಇನ್ನೂ ಅಳಿಯದೆ ಸೂಜಿಮೊನೆಯಷ್ಟು ಸಣ್ಣ ಸಣ್ಣ ಗುಳಿಗಳು, ಮೊಣಕೈಯಿಂದ ಹೆಗಲಿನವರೆಗೆ, ಸಾವಿರಾರು.

"ಪ್ಲಾಸ್ಟರ್ ಕೆಟ್ಟಿತ್ತಾ?"

"ಪ್ಲಾಸ್ಟರ್ ಮೇಲೆ ತಪ್ಪು ಹೊರಿಸೋದನ್ನ ನಾನು ಬಿಟ್ಟಿದ್ದೀನಿ. ಅವತ್ತು ನಿನಗೆ ರೋಮಾಂಚನ ಆಗಿತ್ತು. ಒಂದೊಂದು ಕೂದಲ ಬುಡದಲ್ಲೂ ಒಂದೊಂದು ಸ್ನಾಯು ಇದೆ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಆರುನೂರರ ಲೆಕ್ಕಕ್ಕೂ ಸೇರಲ್ಲ. ನೀನು ಹೇಳಿದರೆ ಕೇಳಲ್ಲ, ಬೇಡ ಅಂದರೂ ಬಿಡಲ್ಲ. ಅದರ ನರಾನೇ ಬೇರೆ. ಆ ದಾರಿಗೆ ಈ ರೋಗ ಬರಲ್ಲ. ಡಾಕ್ಟರನ್ನ ಕೇಳಿ ಬಂದಿದ್ದೀನಿ."

ಅವಳು ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಸೊರಗಿದ ಎಡತೋಳಿನ ಮೇಲೆ ಎಳೆದಳು. ಮೊದಲು ಹಾಳು ಕುಣಿತ ಬಂತು, ಪಟಪಟ. ಇಬ್ಬರೂ ಕಾದರು. ಅದು ನಿಂತ ಮೇಲೆ, ಬ್ರಷ್ಷಿನ ಹಿಂದೆಯೇ, ಕೂದಲು ಒಂದೊಂದಾಗಿ ಎದ್ದು ನಿಂತವು.

"ಇರು ಅಂತ ಕೇಳೋ ಧೈರ್ಯ ನನಗಿಲ್ಲ," ಅಂದ ಅವನು.

"ಅದು ಕೇಳಿ ಆಯ್ತು," ಅಂದಳು ಅವಳು, ತೋಳನ್ನು ನೋಡುತ್ತಾ.

ಮುಂದಿನ ತಿಂಗಳು ಇಬ್ಬರೂ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದರು. ಅವನು ಬಲಗೈಯಲ್ಲಿ ಪೆನ್ನು ಹಿಡಿಯಲು ತೆಗೆದುಕೊಂಡ ಹೊತ್ತಿನಲ್ಲಿ ಮಾವ ಅತ್ತು, ಮುಖ ಒರೆಸಿಕೊಂಡು, ಮತ್ತೆ ಅತ್ತ.

ಈಗ ಕಾರ್ಖಾನೆಯ ಮೇಲಿನ ಕಪಾಟಿನಲ್ಲಿ ಆರು ಅಚ್ಚುಗಳಿವೆ, ಒಂದಕ್ಕಿಂತ ಒಂದು ಸಪೂರ. ಆರನೆಯದು ತೆಗೆಯುವಾಗ ಅವನಿಗೆ ಮಾತು ಹೋಗಿತ್ತು, ಕಣ್ಣು ಮಾತ್ರ ಆಡುತ್ತಿತ್ತು. ಸೂರು ನೋಡಿದ, ಮೊದಲ ದಿನದ ಹಾಗೆ. ಅವಳು ಅದನ್ನು ನೋಡಿದಳು. ಏಳನೆಯದು ಇಲ್ಲ.

ಮೇಷ್ಟ್ರು ಪಾಠಕ್ಕೆ ಬೇಕೆಂದು ಮೊದಲ ಐದನ್ನು ಒಯ್ದು ಎರಕ ಹೊಯ್ಸಿಕೊಂಡು ವಾಪಸ್ ತಂದಿಟ್ಟರು. ಆರನೆಯದನ್ನು ಅವಳು ಕೊಡಲಿಲ್ಲ. ಪೊರಕೆ ಕಡ್ಡಿಗಿಂತ ಸ್ವಲ್ಪ ದಪ್ಪ ಅದು, ಇದರಲ್ಲಿ ಉತ್ಪ್ರೇಕ್ಷೆ ಇದೆ, ಬಹಳ ಇಲ್ಲ. ಆದರೆ ಒಳಗೆ ಬೆರಳಿಟ್ಟರೆ ನುಣ್ಣಗಿಲ್ಲ. ಮೊಣಕೈಯಿಂದ ಹೆಗಲಿನವರೆಗೆ ಸಣ್ಣ ಸಣ್ಣ ಗುಳಿಗಳಿವೆ.