ಸುಮತಿ ಟೀಚರ್ ಕ್ಲಾಸಿನ ಕೊನೇ ಬೆಂಚು

"ಹಾಲು ಅನ್ನಿ."

"ಆಲು."

"ಆಲೂಗಡ್ಡೆ ಅಲ್ಲ ಸಾರ್, ಹಾಲು!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮೊಮ್ಮಗಳಿಗೆ ಹಿಂದಿನಿಂದ ಹೇಳಿಕೊಡಲು ಹೋಗಿ ಸಿಕ್ಕಿಬಿದ್ದ ಸದಾಶಿವನ ಕಿವಿ ಕೆಂಪಾಯಿತು. ಅರವತ್ತಾರು ವರ್ಷದ ಕಿವಿ.

"ಮಂಡ್ಯದೋನು ಟೀಚರ್. ನಂಗೆ ಅದು ಬರಾಕಿಲ್ಲ."

"ಬರಿಸ್ತೀನಿ. ಮುಂದಿನ ಶನಿವಾರದಿಂದ ನೀವೂ ಕೊನೇ ಬೆಂಚಲ್ಲಿ ಕೂತ್ಕೊಳ್ಳಿ."

ಅದು ೨೦೧೩, ಅಡಿಲೇಡಿನ ಕಿಲ್ಬರ್ನ್‌ನಲ್ಲಿ ನಡೆಯುತ್ತಿದ್ದ ಕನ್ನಡ ಕ್ಲಾಸು. ಸುಮತಿ ಟೀಚರ್ ನಂಜನಗೂಡಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಪಕ್ಕದ ಬ್ಲೇರ್ ಅಥಾಲ್‌ನಲ್ಲಿ ಮಗಳು ಮಾಲವಿಕಾ ಜೊತೆಗಿದ್ದರು. ಸದಾಶಿವನೂ ಹೆಂಡತಿಯನ್ನು ಕಳೆದುಕೊಂಡು ಮಗನ ಮನೆ ಸೇರಿದವನು.

ಒಂದು ವರ್ಷ ಅವನು ಆ ಬೆಂಚು ಬಿಡಲಿಲ್ಲ. ಹಕಾರ ಮೂರೇ ವಾರಕ್ಕೆ ಬಂದಿತ್ತು, ಬಂದಿದೆಯೆಂದು ತೋರಿಸಿಕೊಳ್ಳಲಿಲ್ಲ. ಟೀಚರಿಗೂ ಅದು ಗೊತ್ತಿತ್ತು. ಬೋರ್ಡು ಒರೆಸುತ್ತಾ ತಿರುಗಿ, ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, ತುಟಿಯೊಳಗೇ ನಗು ಹಿಡಿದುಕೊಳ್ಳುತ್ತಿದ್ದರು. ಕ್ಲಾಸು ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತರೆ, ಎರಡು ಬಸ್ಸನ್ನಾದರೂ ಹಾಗೇ ಹೋಗಲು ಬಿಡುತ್ತಿದ್ದರು.

ಅಲ್ಲೇ ಒಂದು ಮಧ್ಯಾಹ್ನ ಟೀಚರ್ ಕೇಳಿದರು. "ನಂಗೆ ಅರವತ್ಮೂರು. ಸುತ್ತಿ ಬಳಸಿ ಮಾತಾಡೋಕೆ ಟೈಮಿಲ್ಲ. ಮದುವೆ ಆಗ್ತೀರಾ?"

"ಊಂ," ಎಂದ ಸದಾಶಿವ.

"ಮಗನಿಗೆ ಹೇಳ್ತೀರಾ?"

"ಏಳ್ತೀನಿ."

"ಹೇಳ್ತೀನಿ ಅನ್ನಿ."

"ಏಳ್ತೀನಿ ಟೀಚರ್." ಟೀಚರ್ ನಕ್ಕು ಅವನ ಶರ್ಟಿನ ಕಾಲರ್ ಸರಿಮಾಡಿದರು.

ಆದರೆ ಅವನು ಹೇಳಲೇ ಇಲ್ಲ. ಒಂದು ಸಂಜೆ ಊಟದ ಟೇಬಲ್ಲಿನಲ್ಲಿ ಮಗ, ಯಾರೋ ಮುದುಕರ ಎರಡನೇ ಮದುವೆಯ ಸುದ್ದಿ ತೆಗೆದು, "ನಾಚಿಕೆ ಬೇಡ್ವಾ ಈ ವಯಸ್ಸಲ್ಲಿ?" ಎಂದು ನಕ್ಕ. ಸದಾಶಿವ ಅನ್ನದ ಜೊತೆ ಮಾತನ್ನೂ ನುಂಗಿದ. ಅದೇ ತಿಂಗಳು ಮಗನಿಗೆ ಬ್ರಿಸ್ಬೇನಿನಲ್ಲಿ ಕೆಲಸವಾಯಿತು. ಟೀಚರಿಗೆ ಅವನು ಫೋನ್ ಮಾಡಿದ್ದು ಏರ್‌ಪೋರ್ಟಿನಿಂದ.

"ಮಕ್ಕಳು ಒಪ್ಪಲ್ಲ ಟೀಚರ್."

"ಕೇಳಿದ್ರಾ?"

ಅವನು ಕೈಯಲ್ಲಿದ್ದ ಬೋರ್ಡಿಂಗ್ ಪಾಸನ್ನು ಮಡಚಿದ.

"ಉತ್ತರ ಗೊತ್ತಿದ್ದೂ ಖಾಲಿ ಪೇಪರ್ ಕೊಟ್ಟು ಎದ್ದು ಹೋಗೋರನ್ನ ಕಂಡ್ರೆ ನಂಗೆ ಮೊದಲಿಂದ್ಲೂ ಆಗಲ್ಲ, ಸದಾಶಿವ ಅವರೇ." ಫೋನ್ ಕಟ್ಟಾಯಿತು.

ಮತ್ತೆ ಫೋನ್ ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಮಾಲವಿಕಾ ತಾಯಿಯನ್ನು ಕರೆದುಕೊಂಡು ಪರ್ತ್‌ಗೆ ಹೋದಳೆಂದು ಯಾರೋ ಹೇಳಿದರು. ೨೦೧೭ರಲ್ಲಿ ವಾಟ್ಸಾಪಿನಲ್ಲಿ ಟೀಚರ್ ತೀರಿಕೊಂಡ ಸುದ್ದಿ ಬಂತು. ಅವರ ಶನಿವಾರದ ಮಕ್ಕಳಿಗಾಗಿ ಅಡಿಲೇಡಿನಲ್ಲೇ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಸದಾಶಿವ ಬ್ರಿಸ್ಬೇನಿನಿಂದ ಒಬ್ಬನೇ ಬಂದ.

ವೇದಿಕೆಯ ಮೇಲೆ, ನಂಜನಗೂಡಿನಲ್ಲಿ ಟೀಚರ ವಿದ್ಯಾರ್ಥಿನಿಯಾಗಿದ್ದ ಚಿನ್ಮಯಿ ಎಂಬ ನರ್ಸ್ ಮಾತಾಡುತ್ತಿದ್ದಳು. "ಒಂಬತ್ತನೇ ಕ್ಲಾಸಲ್ಲಿ ನನ್ನ ಸ್ಕೂಲ್ ಬಿಡಿಸಿದ್ರು. ಮಿಸ್ ಮೂರು ದಿನ ನಮ್ಮನೆ ಜಗುಲಿ ಮೇಲೆ ಬಂದು ಕೂತ್ರು. ಅಪ್ಪ ಬೈದ್ರೂ ಏಳಲಿಲ್ಲ. ನಾಲ್ಕನೇ ದಿನ ಅಪ್ಪನೇ ನನ್ನ ಬ್ಯಾಗ್ ತಂದುಕೊಟ್ರು." ಪರ್ತ್‌ನಲ್ಲಿ ಕೊನೆಯ ಎರಡು ತಿಂಗಳು ಟೀಚರನ್ನು ನೋಡಿಕೊಂಡವಳೂ ಅವಳೇ.

ಅವಳು ಕೆಳಗಿಳಿದಾಗ ಸದಾಶಿವ ಹತ್ತಿರ ಹೋದ. "ನನ್ನ ಹೆಸರು ಸದಾಶಿವ. ಟೀಚರ್ ನನ್ನ ವಿಷಯ ಏನಾದ್ರೂ..."

ಚಿನ್ಮಯಿ ನಿಜವಾಗಿ ಯೋಚಿಸಿದಳು. "ಇಲ್ಲ ಅಂಕಲ್. ಫೇಲಾದ ಹುಡುಗರನ್ನೂ ಹೆಸರು ಹಿಡಿದು ನೆನೆಸ್ಕೊಳ್ಳೋರು. ಸದಾಶಿವ ಅಂತ ಯಾವತ್ತೂ ಕೇಳಿಲ್ಲ."

ಬೈದಿದ್ದರೆ, ಶಪಿಸಿದ್ದರೆ ತಡೆದುಕೊಳ್ಳುತ್ತಿದ್ದ. ಕಾಲು ತಾನಾಗಿ ಮೈಕಿನ ಕಡೆ ನಡೆಯಿತು.

"ಈ ಟೀಚರನ್ನ ಮದುವೆ ಆಗ್ತೀನಿ ಅಂತ ಹೇಳಿ ನಾನು ಓಡಿಹೋದೆ," ಎಂದ. ಹಕಾರ ಎಲ್ಲೂ ತಪ್ಪಲಿಲ್ಲ. "ಪ್ರೀತಿ ಇತ್ತು. ಇದೆ. ಹೇಳೋ ಯೋಗ್ಯತೆ ಇರಲಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾಲವಿಕಾ ಎದ್ದು ಬಂದು, ಮೈಕ್ ಆಫ್ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು. "ನಂಗೆ ಗೊತ್ತಿತ್ತು ಅಂಕಲ್. ಅಮ್ಮ ಮೊದಲ ದಿನಾನೇ ಹೇಳಿದ್ರು. ಮದುವೆ ನೋಟಿಸ್ ಫಾರ್ಮ್ ತಂದು ತುಂಬಿದ್ದೇ ನಾನು. ನೀವೊಂದು ಸೈನ್ ಹಾಕಿದ್ರೆ ಸಾಕಿತ್ತು."

"ನೀವೆಲ್ಲ ಬೇಡ ಅಂತೀರ ಅಂದ್ಕೊಂಡೆ."

"ಯಾರೂ ಅಂದಿರ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಊಟ ಮಾಡ್ಕೊಂಡು ಹೋಗಿ."

ಅವನು ಊಟದ ಸಾಲಿನಲ್ಲಿ ಕೂತ. ಅಡುಗೆಮನೆಯಲ್ಲೇ ಇದ್ದು ಭಾಷಣ ಕೇಳಿರದ ಹೆಂಗಸೊಬ್ಬಳು ಪಾಯಸ ಬಡಿಸುತ್ತಾ, ಅವನ ಒದ್ದೆ ಮುಖ ನೋಡಿ ಮರುಗಿದಳು.

"ತುಂಬಾ ಹತ್ತಿರದೋರು ಅನ್ಸುತ್ತೆ. ಟೀಚರಿಗೆ ನೀವು ಏನಾಗ್ಬೇಕು ಅಂಕಲ್?"

ಸದಾಶಿವ ಎಲೆಯಿಂದ ತಲೆಯೆತ್ತಲಿಲ್ಲ.

"ಏನೂ ಆಗ್ಲಿಲ್ಲ ಕಣಮ್ಮ."